ಭಾವನ ಬತಕ್ ಮತ್ತು ಬಾರದ ಶಾರ್ಕು

ನಮ್ಮ ಭಾವನಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ, ಶಾರ್ಕುಗಳ ಮೇಲೆ ಹಳೆಯ ದ್ವೇಷವಿದೆ. ಶಾರ್ಕುಗಳಿಗೆ ಈ ವಿಷಯ ಇನ್ನೂ ತಿಳಿದಿಲ್ಲ. ತಿಳಿಯುವುದಾದರೂ ಹೇಗೆ? ಭಾವ ಇರುವುದು ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ, ಏಳನೇ ಮಹಡಿಯ ಫ್ಲ್ಯಾಟಿನಲ್ಲಿ. ಅಲ್ಲಿಂದ ಸಮುದ್ರ ನೋಡಬೇಕೆಂದರೆ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಬಾಲ್ಕನಿಯಲ್ಲಿ ನಿಂತರೆ ಕಾಣುವುದು ಎದುರಿನ ಅಪಾರ್ಟ್‌ಮೆಂಟು, ಅದರ ಹಿಂದೆ ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟು, ಕೆಳಗೆ ಒಂದರ ಬಾಲಕ್ಕೊಂದು ಅಂಟಿಕೊಂಡು ಹೋಗುವ ಸ್ಕೂಟರುಗಳು. ಇಂಥ ಬಾಲ್ಕನಿಯಲ್ಲಿ ಕೂತು ಅವರು, ಬೀಚಿನಿಂದ ಶಾರ್ಕುಗಳನ್ನು ದೂರವಿಡುವ, ಯಾರೂ ನಡೆಸದೆ ತಾನೇ ನೀರಿನ ಮೇಲೆ ಗಸ್ತು ತಿರುಗುವ, ಪುಟ್ಟ ದೋಣಿಯಂಥ ಡ್ರೋನೊಂದನ್ನು ತಯಾರಿಸಿದರು. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ: ಭಾವನಿಗೆ ಈಜು ಬರುವುದಿಲ್ಲ. ಈಜು ಹಾಳಾಗಲಿ, ಷವರಿನ ಕೆಳಗೆ ನಿಲ್ಲುವುದಕ್ಕೂ ಅವರಿಗೆ ಧೈರ್ಯವಿಲ್ಲ. ನೀರು ಕಣ್ಣೆದುರಿಗೆ ಇರಬೇಕಂತೆ, ತಲೆಯ ಮೇಲಿಂದ ಬರಬಾರದಂತೆ. ಬಕೆಟ್ಟೇ ಆಗಬೇಕು.

ಭಾವ ಚಿತ್ರದುರ್ಗದ ಕಡೆಯವರು. ಅವರು ಹುಟ್ಟಿದ ಊರಿನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು, ಬಂದಾಗ ಕೊಡದಲ್ಲಿ ಮರ್ಯಾದೆಯಾಗಿ ಕೂತಿರುತ್ತಿತ್ತು. ಅಂಥವರು ಓದಿ, ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಗೆ ಸೇರಿ, ಆಕಾಶಕ್ಕೆ ಹೋಗುವ ಯಂತ್ರಗಳ ಒಳಗಿನ ಸಣ್ಣ ಸಣ್ಣ ಭಾಗಗಳನ್ನು ಮಾಡುತ್ತ ನಿವೃತ್ತರಾದರು. ಆಕಾಶದಲ್ಲಿ ರಿಪೇರಿಗೆ ಯಾರೂ ಹೋಗಲಾರರು, ಆದ್ದರಿಂದ ಕೆಡಬಹುದಾದುದನ್ನೆಲ್ಲ ಮೊದಲೇ ಯೋಚಿಸಬೇಕು. ಇದು ಅವರ ಕೆಲಸ. ತೊಂದರೆಯೇನೆಂದರೆ ಅವರು ಅದನ್ನು ಆಫೀಸಿನಲ್ಲಿ ಬಿಟ್ಟು ಬರಲಿಲ್ಲ.

ಸಂಕ್ರಾಂತಿಗೆ ಗುಜರಾತಿನಲ್ಲಿ ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ. ಎಲ್ಲರೂ ತಲೆಗೊಂದು ಟೋಪಿ ಹಾಕಿ, ಹತ್ತಾರು ತರಕಾರಿ ಕಲಸಿದ ಉಂಧಿಯು, ಜಲೇಬಿ ತಿನ್ನುತ್ತ ಕುಣಿಯುತ್ತಿದ್ದರೆ, ನಮ್ಮ ಭಾವ ಸ್ಕೂಟರಿನ ಹೆಲ್ಮೆಟ್ಟು ಹಾಕಿ, ದಾರ ಕುತ್ತಿಗೆ ಕೊಯ್ಯದಿರಲೆಂದು ಕುತ್ತಿಗೆಗೆ ಕಾರಿನ ಸೀಟಿನ ಸ್ಪಂಜು ಸುತ್ತಿಕೊಂಡು ನೀರಿನ ಟ್ಯಾಂಕಿನ ಹಿಂದೆ ನಿಂತಿರುತ್ತಾರೆ. ಜಲೇಬಿ ತಿನ್ನಬೇಕೆಂದರೆ ಹೆಲ್ಮೆಟ್ಟಿನ ಗಾಜನ್ನು ಮೇಲಕ್ಕೆತ್ತಿ ಬಾಯಿಗೆ ಹಾಕಿಕೊಂಡು ಮತ್ತೆ ಮುಚ್ಚುತ್ತಾರೆ. ಪಕ್ಕದ ಫ್ಲ್ಯಾಟಿನ ಮಕ್ಕಳು ಗಾಳಿಪಟ ಬಿಟ್ಟು ಇದನ್ನೇ ನೋಡುತ್ತಾರೆ.

ನಾನು ವಿಮೆಯವಳು. ಸೂರತ್ತಿಗೆ ವರ್ಗವಾಗಿ ಬಂದು ಅಡಾಜಣ್‌ನಲ್ಲಿ ಮನೆ ಮಾಡಿದ್ದೇನೆ. ಜನರಿಗೆ ಭಯ ಹುಟ್ಟಿಸುವುದೇ ನನ್ನ ಹೊಟ್ಟೆಪಾಡು ಅನ್ನಿ. ಆದರೆ ಭಾವನ ಮುಂದೆ ನಾನು ಶಿಷ್ಯೆಯಾಗಲೂ ಲಾಯಕ್ಕಿಲ್ಲ. ಒಮ್ಮೆ ಮಧ್ಯಾಹ್ನ ಆಫೀಸಿಗೆ ಫೋನು ಮಾಡಿ ಕೇಳಿದರು:

"ಏನಮ್ಮಾ, ಶಾರ್ಕ್ ಕಚ್ಚಿದ್ರೆ ನಿಮ್ಮ ಪಾಲಿಸಿಲಿ ಬರುತ್ತಾ?"

"ಯಾರನ್ನ ಕಚ್ಚಿದ್ರೆ ಭಾವ?"

"ಯಾರನ್ನಾದ್ರೂ."

"ಎಲ್ಲಿ?"

"ಎಲ್ಲಾದ್ರೂ. ನೀನು ಮೊದ್ಲು ಬರುತ್ತೋ ಇಲ್ವೋ ಹೇಳು."

ನಾನು ಪಕ್ಕದ ಸಹೋದ್ಯೋಗಿಯನ್ನು ಕೇಳಿದೆ. ಆತ ಮೇಲಿನವರನ್ನು ಕೇಳಿದ. ಆ ದಿನದಿಂದ ನಮ್ಮ ಸೂರತ್ ಆಫೀಸಿನಲ್ಲಿ ಯಾರು ರಜೆ ಹಾಕಿದರೂ ಶಾರ್ಕ್ ಕಚ್ಚಿತೇ ಎಂದು ಕೇಳುವ ಪದ್ಧತಿ ಶುರುವಾಗಿದೆ.

ಈ ದ್ವೇಷ ಎಲ್ಲಿ ಹುಟ್ಟಿತು ಅನ್ನುತ್ತೀರಾ? ಅದಕ್ಕೆ ಅಕ್ಕನ ಕಥೆ ಹೇಳಬೇಕು. ನಾವು ಕುಮಟೆಯ ಹತ್ತಿರದವರು. ಮನೆಯ ಹಿತ್ತಲು ದಾಟಿದರೆ ಮರಳು, ಮರಳು ದಾಟಿದರೆ ಸಮುದ್ರ. ಅಕ್ಕ ಅದರಲ್ಲೇ ಬೆಳೆದವಳು. ಶಾಲೆಯಿಂದ ಬಂದವಳು ಚೀಲ ಎಸೆದು ನೀರಿಗೆ ಬಿದ್ದಳೆಂದರೆ ಕತ್ತಲಾಗುವ ಹೊತ್ತಿಗೆ ಅಮ್ಮ ಕೋಲು ಹಿಡಿದು ದಡಕ್ಕೆ ಹೋಗಬೇಕು. ಶಾರ್ಕಿನ ಭಯ ನಮ್ಮ ಕಡೆ ಯಾರಿಗೂ ಇಲ್ಲ. ನಾವು ಅದನ್ನು ನೋಡುವುದು ಮೀನು ಮಾರ್ಕೆಟಿನಲ್ಲಿ, ಅದೂ ತುಂಡಾದ ಮೇಲೆ.

ಮದುವೆಯಾದ ಹೊಸತರಲ್ಲಿ ಭಾವ ಮೊದಲ ಸಲ ನಮ್ಮ ಊರಿಗೆ ಬಂದರು. ಅಕ್ಕ ಅವರನ್ನು ದಡದಲ್ಲಿ ಕೂರಿಸಿ, ಕೈಗೊಂದು ಟವೆಲ್ಲು ಕೊಟ್ಟು, ನೀರಿಗಿಳಿದಳು. ಇಳಿದವಳು ಹಿಂತಿರುಗಿ ನೋಡದೆ ಹೋದಳು, ಹೋದಳು, ತಲೆ ಒಂದು ತೆಂಗಿನಕಾಯಿಯಷ್ಟೇ ಕಾಣುವವರೆಗೆ ಹೋದಳು. ನೀರನ್ನು ಕೊಡದಲ್ಲಿ ಮಾತ್ರ ನೋಡಿದ ಮನುಷ್ಯನ ಎದೆ ಹೇಗಾಗಿರಬೇಡ! ಆಗ ಅವರಿಗೆ ಅಕ್ಕನ ಹಿಂದೆ ನೀರಿನ ಮೇಲೆ ಕಪ್ಪಗೆ ಏನೋ ಎದ್ದು ನಿಂತದ್ದು ಕಂಡಿತು. ಭಾವ ಎದ್ದು ನಿಂತು, ಟವೆಲ್ಲು ಬೀಸುತ್ತ, ಶಾರ್ಕ್ ಶಾರ್ಕ್ ಎಂದು ಕೂಗಿದ ಕೂಗಿಗೆ ದಡದಲ್ಲಿ ಬಲೆ ಹೆಣೆಯುತ್ತಿದ್ದವರೆಲ್ಲ ಎದ್ದರು. ನೀರಿನಲ್ಲಿದ್ದ ಮಕ್ಕಳು ಓಡಿ ಬಂದವು. ಒಂದು ದೋಣಿ ಹೊರಟಿತು. ಅಲೆ ಆ ಶಾರ್ಕನ್ನು ತಂದು ಭಾವನ ಕಾಲ ಬುಡದಲ್ಲೇ ಹಾಕಿತು. ಒಣಗಿದ ತೆಂಗಿನ ಗರಿ.

ಊರಿನವರು ಈಗಲೂ ನಮ್ಮ ತೋಟದಲ್ಲಿ ಗರಿ ಬಿದ್ದರೆ, ನಿಮ್ಮ ಭಾವನ ಶಾರ್ಕ್ ಬಿತ್ತು ನೋಡು ಅನ್ನುತ್ತಾರೆ. ಅದು ಬಿಡಿ. ನಾನು ಹೇಳಹೊರಟದ್ದು ಅಕ್ಕನ ವಿಷಯ. ಆಮೇಲೂ ಎರಡು ಮೂರು ಸಲ ಅವಳು ನೀರಿಗಿಳಿದಳು. ಪ್ರತಿ ಸಲವೂ ಭಾವ ದಡದಲ್ಲಿ ಬಿಳಿಚಿಕೊಂಡು, ಪಾದಕ್ಕೆ ನೀರು ತಾಕಿದರೆ ಹಿಂದೆ ಸರಿಯುತ್ತ, ಅವಳ ತಲೆ ಕಾಣದಿದ್ದಾಗೆಲ್ಲ ಹೆಸರು ಹಿಡಿದು ಕೂಗುತ್ತಿದ್ದರು. ಕಡೆಗೆ ಅಕ್ಕ ಬಿಟ್ಟೇಬಿಟ್ಟಳು.

"ನಾ ಒಳಗೆ ಸುಖವಾಗಿ ತೇಲುದು, ಅವ್ರು ದಡದಲ್ಲಿ ಜೀವ ಬಿಡ್ತಾ ನಿಂತಿರುದು. ಅದೆಂತ ಸ್ನಾನ ಮಾರಾಯ್ತಿ" ಎಂದಳು ನನ್ನ ಹತ್ತಿರ. ಭಾವ ಬೇಡವೆಂದು ಒಂದು ದಿನವೂ ಹೇಳಿದವರಲ್ಲ. ಇವಳೂ ಅವರಿಗಾಗಿ ಬಿಟ್ಟೆನೆಂದು ಹೇಳಿದವಳಲ್ಲ. ಆಮೇಲಿನ ವರ್ಷಗಳಲ್ಲಿ ಊರಿಗೆ ಬಂದಾಗೆಲ್ಲ ಸೀರೆಯ ನೆರಿಗೆ ಎತ್ತಿ ಹಿಡಿದು, ಪಾದ ಒದ್ದೆ ಮಾಡಿಕೊಂಡು, ಪಾನಿಪೂರಿ ತಿಂದು ವಾಪಸ್ಸಾಗುತ್ತಿದ್ದಳು.

ಅಕ್ಕನಿಗೆ ಅರವತ್ತಾಗುವ ಹೊತ್ತಿಗೆ ಅವಳ ಮಂಡಿಗಳು ಮುಷ್ಕರ ಹೂಡಿದವು. ಡಾಕ್ಟರು ಮಳೆಗಾಲ ಬರುವುದರೊಳಗೆ ಆಪರೇಷನ್ ಮಾಡಿಬಿಡೋಣ ಎಂದರು. ಅವಳ ಮಗಳು ವಡೋದರಾದಲ್ಲಿದ್ದಾಳೆ. ಗುಜರಾತಿ ಹುಡುಗನನ್ನು ಮದುವೆಯಾಗಿ ಅಲ್ಲೇ ನೆಲೆಸಿದವಳು. ಅವಳ ಕನ್ನಡ ಮೂರು ಭಾಷೆಗಳ ಉಂಧಿಯು. ಅವಳು ಫೋನು ಮಾಡಿ ಕೇಳಿದಳು:

"ಅಮ್ಮಾ, ಬರ್ತ್‌ಡೇಗೆ ನಿಂಗೆ ಕ್ಯಾ ಚಾಹಿಯೇ ಹೇಳು ನಾ. ಪಟೋಲಾ ಸೀರೆ? ಯಾ ಫಿರ್ ಎಲ್ಲಾದ್ರೂ ಟ್ರಿಪ್?"

ಅಕ್ಕ ಬಟಾಣಿ ಸುಲಿಯುತ್ತ ಹೇಳಿದಳು: "ಸೀರೆ ಎಂತಕ್ಕೆ? ಈ ಮಂಡಿ ಪೂರ್ತಿ ಕೈಕೊಡುದ್ರೊಳಗೆ ಒಂದ್ಸಲ ಸಮುದ್ರದಲ್ಲಿ ಮುಳುಗೆದ್ರೆ ಸಾಕಿತ್ತು. ಹೋಗ್ಲಿ ಬಿಡು."

ಸ್ಪೀಕರಿನಲ್ಲಿದ್ದ ಫೋನಿನ ಮಾತು ಭಾವನ ಕಿವಿಗೂ ಬಿತ್ತು. ಬೇರೆ ಗಂಡಂದಿರಾಗಿದ್ದರೆ ಏನು ಮಾಡುತ್ತಿದ್ದರು? ರೈಲಿನ ಟಿಕೆಟ್ಟು ತೆಗೆಸುತ್ತಿದ್ದರು. ನಮ್ಮ ಭಾವ ಚಹಾದ ಲೋಟ ಕೆಳಗಿಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತು, ಯಾವುದೋ ದೂರದ ದೇಶದ ಬೀಚಿನಲ್ಲಿ ಶಾರ್ಕುಗಳನ್ನು ಓಡಿಸಲು ನೀರಿನ ಡ್ರೋನು ಬಿಡುವ ವಿಡಿಯೋ ನೋಡತೊಡಗಿದರು. ಮರುದಿನದಿಂದ ಅಕ್ಕನ ಅಡುಗೆಮನೆಯ ಸಾಮಾನುಗಳು ಒಂದೊಂದಾಗಿ ಕಾಣೆಯಾದವು. ಖಾಖರಾ ರೊಟ್ಟಿ ಇಡುವ ಸ್ಟೀಲ್ ಡಬ್ಬಿ ಬ್ಯಾಟರಿಯ ಮನೆಯಾಯಿತು. ಕುಕ್ಕರಿನ ಗ್ಯಾಸ್ಕೆಟ್ಟು ನೀರು ಒಳಗೆ ಹೋಗದಂತೆ ಡಬ್ಬಿಯ ಬಾಯಿಗೆ ಕೂತಿತು. ಅನ್ನ ಮಾಡಲು ಹೋದ ಅಕ್ಕ, ವಿಷಲ್ಲು ಬಾರದ ಕುಕ್ಕರಿನ ಮುಂದೆ ನಿಂತು ಗಂಡನನ್ನು ಕರೆದಳು.

"ರೀ, ನನ್ನ ಗ್ಯಾಸ್ಕೆಟ್ ಎಲ್ಲಿ?"

"ಅದು ಈಗ ನಿನ್ನ ಪ್ರಾಣ ಕಾಯ್ತಾ ಇದೆ."

"ಮೊದ್ಲು ಅನ್ನ ಕಾಯ್ಲಿ. ಪ್ರಾಣ ಆಮೇಲೆ ನೋಡುವ."

ನಾನು ಅಹಮದಾಬಾದಿಗೆ ಹೋದಾಗ ಭಾವ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು. ದೋಣಿ ದಡಕ್ಕೆ ಸಮಾನಾಂತರವಾಗಿ ಅತ್ತಿಂದಿತ್ತ ಹೋಗುತ್ತಿರುತ್ತದೆ. ಅದರ ಹೊಟ್ಟೆಯಲ್ಲಿ ನೀರಿನೊಳಗೆ ನೋಡುವ ಕಣ್ಣಿದೆ. ಮನುಷ್ಯನಿಗಿಂತ ದೊಡ್ಡದೇನಾದರೂ ಕಂಡರೆ ಅದರ ಕಡೆಗೆ ಹೋಗಿ ನೀರಿನಲ್ಲಿ ಸಣ್ಣಗೆ ಕರೆಂಟು ಹರಿಸುತ್ತದೆ. ಶಾರ್ಕಿಗೆ ಮೂಗಿನ ತುದಿಯಲ್ಲಿ ಕರೆಂಟು ತಿಳಿಯುವ ಶಕ್ತಿಯಿದೆಯಂತೆ, ಕಚಗುಳಿ ತಡೆಯಲಾರದೆ ಅದು ಓಡಿಹೋಗುತ್ತದಂತೆ. ಯಾರಿಗೂ ನೋವಿಲ್ಲ, ರಕ್ತಪಾತವಿಲ್ಲ. ಗುಜರಾತಿಗೆ ತಕ್ಕ ಅಹಿಂಸೆಯ ಯಂತ್ರ!

ದೋಣಿಯ ಮೈಯನ್ನು ಮಾಡಿಸಲು ಅವರು ವಟ್ವಾಕ್ಕೆ ಹೋದರು. ಅಲ್ಲಿ ಬಣ್ಣದ ಕಾರ್ಖಾನೆಗಳಿಗೆ ಫೈಬರಿನ ಟ್ಯಾಂಕು ಮಾಡಿಕೊಡುವ ಒಬ್ಬ ಸೇಠ್ ಇದ್ದ. ಚಿತ್ರ ನೋಡಿ, ಇದರಲ್ಲಿ ಯಾವ ಆಸಿಡ್ ತುಂಬುತ್ತೀರಿ ಎಂದು ಕೇಳಿದ. ಏನೂ ತುಂಬುವುದಿಲ್ಲ, ಶಾರ್ಕ್ ಓಡಿಸುತ್ತೇನೆ ಎಂದರು ಭಾವ. ಸೇಠ್ ನಗಲಿಲ್ಲ. ಇಲ್ಲಿಯವರು ವ್ಯಾಪಾರದ ಮಾತಿಗೆ ಯಾವತ್ತೂ ನಗುವುದಿಲ್ಲ. ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿ, "ಕಾಕಾ, ಶಾರ್ಕ್ ಛೋಡೋ. ಇಸ್‌ಮೇ ಬಚ್ಚಾ ಲೋಗ್ ಕೋ ಬಿಠಾಕೆ ತಾಲಾಬ್ ಮೇ ಘುಮಾವೋ. ಧಂಧಾ ಚಲೇಗಾ" ಎಂದ. ಮಕ್ಕಳನ್ನು ಕೂರಿಸಿ ಕೆರೆ ಸುತ್ತಿಸಿದರೆ ಕೈತುಂಬ ವ್ಯಾಪಾರವಂತೆ. ಭಾವ ಮುನಿಸಿಕೊಂಡು ಹಳದಿ ಬಣ್ಣ ಹೊಡೆಸಿಕೊಂಡು ಬಂದರು.

ಹಳದಿ ಮೈ, ಮುಂದೆ ಕತ್ತಿನಂತೆ ಎದ್ದ ಕ್ಯಾಮೆರಾ. ಅಪಾರ್ಟ್‌ಮೆಂಟಿನ ವಾಚ್‌ಮನ್ ಅದನ್ನು ಲಿಫ್ಟಿನಲ್ಲಿ ಕಂಡವನೇ, "ಅರೇ, ಬತಕ್" ಎಂದ. ಬತಕ್ ಅಂದರೆ ಬಾತುಕೋಳಿ. ಭಾವ ಅದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರೊಂದನ್ನು ಇಟ್ಟಿದ್ದರು. ಅದನ್ನು ಯಾರೂ ಕೇಳಲೇ ಇಲ್ಲ.

ಬತಕ್‌ನ ಮೊದಲ ಪರೀಕ್ಷೆ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ನಡೆಯಿತು. ಕರೆಂಟಿನ ಭಾಗ ಬಂದ್ ಮಾಡಿ, ಬರೀ ಪೀಂ ಪೀಂ ಸದ್ದು ಮಾಡುವಂತೆ ಇಟ್ಟಿದ್ದರು. ಕೊಳದಲ್ಲಿ ಆ ಹೊತ್ತು ಸೊಸೈಟಿಯ ಸೆಕ್ರೆಟರಿ ಒಬ್ಬರೇ ಇದ್ದರು. ಅವರು ವಿಶಾಲವಾದ ಮನುಷ್ಯ. ಊಟವಾದ ಮೇಲೆ ಕಣ್ಣು ಮುಚ್ಚಿ ಅಂಗಾತ ತೇಲುವುದು ಅವರ ಅಭ್ಯಾಸ. ಬತಕ್ ಅತ್ತ ಒಂದು ಸುತ್ತು ಹೋಯಿತು, ಇತ್ತ ಒಂದು ಸುತ್ತು ಬಂತು, ಸೆಕ್ರೆಟರಿಯ ಹತ್ತಿರ ಬಂದು ನಿಂತಿತು. ಅಳೆಯಿತು. ಪೀಂ ಎಂದಿತು. ಅವರು ಬೆಚ್ಚಿ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ಬಂದು ಅಡ್ಡ ನಿಂತು, ಮಕ್ಕಳು ಆಡುವ ಮೂಲೆಗೆ ಅವರನ್ನು ಅಟ್ಟಿಕೊಂಡು ಹೋಗಿ ಕಾವಲು ನಿಂತಿತು. ಮೇಲೆ ಬಾಲ್ಕನಿಗಳಲ್ಲಿ ಜನ ಸೇರಿದರು. ಭಾವ ಮಾತ್ರ ಕೊಳದ ಅಂಚಿನಲ್ಲಿ ನಿಂತು ಸಂತೋಷದಿಂದ ಕೈ ತಟ್ಟುತ್ತ, ಇದನ್ನು ನೋಡಲೆಂದೇ ಸೂರತ್ತಿನಿಂದ ಬಂದಿದ್ದ ನನಗೆ ಹೇಳಿದರು:

"ಮಿಸ್ಟೇಕ್ ಮಾಡ್ಲಿಲ್ಲ ನೋಡಮ್ಮ. ಸೈಜ್ ಕರೆಕ್ಟಾಗಿ ಹಿಡೀತು."

ಅದೇ ಸಂಜೆ ಕಮಿಟಿಯವರು ಸಭೆ ಸೇರಿ ಕೊಳದಲ್ಲಿ ಸಾಕುಪ್ರಾಣಿಗಳಿಗೂ ಬತಕ್‌ಗೂ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿಸಿದರು.

ಆಮೇಲೆ ವಡೋದರಾ. ಕೊಳದಲ್ಲಿ ಸೆಕ್ರೆಟರಿಯನ್ನು ಗೆದ್ದ ಮೇಲೆ ಭಾವನಿಗೆ ನಿಜವಾದ ಹಲ್ಲಿರುವ ಪ್ರಾಣಿಯೊಂದು ಬೇಕಾಗಿತ್ತು. ವಡೋದರಾದ ನದಿಯಲ್ಲಿ ಮೊಸಳೆಗಳಿವೆ, ಮಳೆಗಾಲದಲ್ಲಿ ಅವು ಬೀದಿಗೂ ಬರುತ್ತವೆ, ಇದು ಎಲ್ಲರಿಗೂ ಗೊತ್ತು. ಮಗಳು ಆ ಊರಿಗೆ ಸೊಸೆಯಾಗಿ ಹೋದಾಗ ಭಾವ ಅವಳ ಮನೆಯ ಕಾಂಪೌಂಡಿನ ಎತ್ತರ ಅಳೆದು ಬಂದವರು. ಈಗ ಅದೇ ಮೊಸಳೆಯನ್ನು ಹುಡುಕಿಕೊಂಡು ಹೊರಟರು. ನದಿಗೆ ಬೇಡ, ಪೊಲೀಸರು ಹಿಡಿಯುತ್ತಾರೆ ಎಂದು ಅಳಿಯ ತನ್ನ ಅಜ್ಜಿಯ ಊರಿಗೆ ಕರೆದುಕೊಂಡು ಹೋದ. ನಾನೂ ಅಕ್ಕನೂ ಜೊತೆಗಿದ್ದೆವು. ಬೀಗರ ಮನೆಯ ಸಿಹಿ ಬೇಳೆ ಉಂಡು ನಮಗೆ ಕಣ್ಣು ಎಳೆಯುತ್ತಿತ್ತು, ಆದರೂ ಇಂಥದ್ದನ್ನು ತಪ್ಪಿಸಿಕೊಳ್ಳಲಾದೀತೇ?

ಊರಿನ ಕೆರೆಯ ದಂಡೆಯಲ್ಲಿ ಖೋಡಿಯಾರ್ ಮಾತೆಯ ಪುಟ್ಟ ಗುಡಿ. ಎದುರು ದಂಡೆಯಲ್ಲಿ ಮೊಸಳೆಯೊಂದು ಬಿಸಿಲು ಕಾಯುತ್ತ ಮಲಗಿತ್ತು. ಈ ಕಡೆ ಒಬ್ಬ ಮುದುಕಿ ಅದರ ಕಡೆ ಕಣ್ಣೂ ಹಾಯಿಸದೆ ಪಾತ್ರೆ ತೊಳೆಯುತ್ತಿದ್ದಳು. ಊರಿನವರು ಅವಳನ್ನು ಬಾ ಎನ್ನುತ್ತಿದ್ದರು, ಅಂದರೆ ಅಮ್ಮ. ಭಾವ ದಡದಿಂದ ಸಾಕಷ್ಟು ದೂರ ನಿಂತು ಬತಕ್‌ನ್ನು ಬಿಟ್ಟರು. ಬತಕ್ ನೆಟ್ಟಗೆ ಹೋಗಿ ಪೀಂ ಎಂದಿತು. ಮೊಸಳೆ ಒಂದು ಕಣ್ಣು ತೆರೆಯಿತು. ಬತಕ್ ಇನ್ನೊಮ್ಮೆ ಪೀಂ ಎಂದಿತು. ಮೊಸಳೆ ನಿಧಾನವಾಗಿ ನೀರಿಗೆ ಜಾರಿತು, ಮತ್ತು ಓಡಿಹೋಗುವ ಬದಲು ಇದ್ಯಾವ ಹಳದಿ ಪ್ರಾಣಿ ನೋಡೋಣವೆಂಬಂತೆ ಬತಕ್‌ನ ಕಡೆಗೇ ಬಂತು.

ಈಗ ಭಾವನ ಬುದ್ಧಿಯನ್ನು ನೀವು ಮೆಚ್ಚಬೇಕು. ಕೆಡಬಹುದಾದುದನ್ನೆಲ್ಲ ಮೊದಲೇ ಯೋಚಿಸುವವರಲ್ಲವೇ? ಅಪಾಯ ಹೆದರದೆ ಎದುರಿಗೇ ಬಂದರೆ ಬತಕ್ ಏನು ಮಾಡಬೇಕೆಂದೂ ಬರೆದಿಟ್ಟಿದ್ದರು: ತಿರುಗಿ ಯಜಮಾನನ ಹತ್ತಿರ ಬರಬೇಕು. ಬತಕ್ ವಿಧೇಯವಾಗಿ ತಿರುಗಿ ಪೂರ್ತಿ ವೇಗದಲ್ಲಿ ಯಜಮಾನನ ಕಡೆ ಹೊರಟಿತು. ಅದರ ಹಿಂದೆ ಮೊಸಳೆ. ಭಾವ ಗುಡಿಯ ಕಟ್ಟೆಯನ್ನು ಹತ್ತಿದ್ದನ್ನು ನಾನು ನೋಡಲಿಲ್ಲ. ತಿರುಗುವಷ್ಟರಲ್ಲಿ ಅವರು ಮೇಲಿದ್ದರು, ಗಂಟೆಯ ಸರಪಳಿ ಹಿಡಿದುಕೊಂಡು.

ಮೊಸಳೆಗೆ ಬೇಜಾರಾಯಿತೋ ಏನೋ, ಅರ್ಧದಲ್ಲೇ ಮುಳುಗಿ ವಾಪಸ್ಸು ಹೋಯಿತು. ಬಾ ಪಾತ್ರೆ ಬಿಟ್ಟು ಎದ್ದು ಬಂದಳು. "ಎ ತೋ ಮಾತಾಜೀನುಂ ವಾಹನ್ ಛೇ, ಭಾಯ್. ಎನೇ ಕೇಮ್ ಭಗಾಡೋ ಛೋ?" ಎಂದಳು. ಅದು ಅಮ್ಮನವರ ವಾಹನ, ಅದನ್ನು ಯಾಕಪ್ಪ ಓಡಿಸುತ್ತೀಯ ಅಂತ. ನಮ್ಮಲ್ಲಿ ಇಲಿಗೆ, ನವಿಲಿಗೆ ಕೈ ಮುಗಿಯುವಂತೆ ಇಲ್ಲಿ ಖೋಡಿಯಾರ್ ಮಾತೆಯ ಮೊಸಳೆಗೆ ಕೈ ಮುಗಿಯುತ್ತಾರೆ. ನಾವು ದೇವಿಯ ಬಾಗಿಲಿಗೇ ಬಂದು ದೇವಿಯ ವಾಹನಕ್ಕೆ ಹಾರ್ನ್ ಹೊಡೆದಿದ್ದೆವು. ಬಾ ಸಿಟ್ಟಾಗಲಿಲ್ಲ. ಗುಡಿಯಿಂದ ಕುಂಕುಮ ತಂದು ಬತಕ್‌ನ ಹಣೆಗೂ ಇಟ್ಟಳು. ಇದೂ ನೀರಿನ ಪ್ರಾಣಿಯೇ ತಾನೇ ಅಂದುಕೊಂಡಿರಬೇಕು. ನಮಗೆಲ್ಲ ಪ್ರಸಾದವೆಂದು ಗೋಧಿ ನುಚ್ಚಿನ ಸಿಹಿ ಲಾಪ್ಸಿ ಕೊಟ್ಟಳು.

ಭಾವ ಕಟ್ಟೆಯ ಮೇಲಿಂದಲೇ ಅವಳನ್ನು ಹಿಂದಿಯಲ್ಲಿ ಕೇಳಿದರು, ದಿನಾ ಇಲ್ಲಿಗೆ ಬರುತ್ತೀರಲ್ಲ, ಹೆದರಿಕೆಯಾಗುವುದಿಲ್ಲವೇ ಎಂದು.

"ಬೀಕ್ ತೋ ಲಾಗೇ ನೇ. ಪಣ್ ಪಾಣೀ ತೋ ಭರ್‌ವುಂ ಪಡೇ" ಎಂದು ಬಾ ನಕ್ಕಳು. ಹೆದರಿಕೆ ಆಗೇ ಆಗುತ್ತದೆ, ಆದರೆ ನೀರು ತುಂಬಬೇಕಲ್ಲ.

ಅಕ್ಕನಿಗೆ ಈ ಮಾತು ಹಿಡಿಸಿಬಿಟ್ಟಿತು. ದಾರಿಯುದ್ದಕ್ಕೂ ಕಾರಿನಲ್ಲಿ, ಟೋಲ್ ಬಂದರೆ, ಲಾರಿ ಅಡ್ಡ ಬಂದರೆ, ಬೀಕ್ ತೋ ಲಾಗೇ ಎಂದು ನಗುತ್ತಿದ್ದಳು. ಭಾವ ಮಾತ್ರ ನಗಲಿಲ್ಲ. ಲಾಪ್ಸಿಯ ದೊನ್ನೆ ಹಿಡಿದು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಆಮೇಲೆ ಕೆಲವು ವಾರ ಅವರಿಂದ ಶಾರ್ಕಿನ ಸುದ್ದಿಯೇ ಇಲ್ಲ. ನನಗೆ ಸ್ವಲ್ಪ ಬೇಸರವೇ ಆಯಿತೆನ್ನಿ. ಇಂಥ ಭಾವ ಸುಮ್ಮನಾದರೆ ಸೂರತ್ತಿನಲ್ಲಿ ನನಗೆ ಹೊತ್ತು ಹೋಗುವುದು ಹೇಗೆ?

ಅಕ್ಕನ ಹುಟ್ಟುಹಬ್ಬದ ವಾರ ಇಬ್ಬರೂ ನಮ್ಮ ಅಡಾಜಣ್ ಮನೆಯ ಮುಂದೆ ಕಾರು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಬತಕ್ ಸೀಟ್ ಬೆಲ್ಟು ಹಾಕಿಕೊಂಡು ಕೂತಿತ್ತು. ಹಣೆಯ ಕುಂಕುಮ ಹಾಗೇ ಇತ್ತು. ಅದನ್ನು ಇಳಿಸಿಕೊಳ್ಳಲು ಕೈ ಕೊಟ್ಟಾಗ, ವಡೋದರಾದಲ್ಲಿ ನಾಲ್ಕು ಜನ ಹೊತ್ತಿದ್ದ ಯಂತ್ರ ಈಗ ಹಗುರವಾಗಿದೆಯಲ್ಲ ಅನ್ನಿಸಿತು. ಅದರ ಮೈಯಿಳಿಸಿದ್ದೀನಿ ಎಂದರು ಭಾವ.

ಮರುದಿನ ಬೆಳಿಗ್ಗೆ ಕಡಲೆಬೇಳೆಯ ಬಿಸಿ ಲೋಚೋ ತಿಂದು ಡುಮಸ್ ಬೀಚಿಗೆ ಹೊರಟೆವು. ಸೂರತ್ತಿನವರಿಗೆ ಸಮುದ್ರವೆಂದರೆ ಡುಮಸ್. ಭಾವ ಗಾಳಿಯ ವೇಗ ನೋಡಿದ್ದರು, ಬ್ಯಾಟರಿ ನೋಡಿದ್ದರು, ಹತ್ತಿರದ ಆಸ್ಪತ್ರೆ ನೋಡಿದ್ದರು. ಬೀಚಿನಲ್ಲಿ ಇಳಿದರೆ ಒಂದು ವಸ್ತು ಕಡಿಮೆಯಿತ್ತು. ಸಮುದ್ರ! ಇಳಿತವಾಗಿ ನೀರು ದಿಗಂತಕ್ಕೆ ಹೋಗಿಬಿಟ್ಟಿತ್ತು. ಕಣ್ಣು ಹಾಯುವವರೆಗೆ ಕರಿಯ ಕೆಸರು, ಅದರ ಮೇಲೆ ಒಂದು ನಾಯಿ. ಖಂಭಾತದ ಕೊಲ್ಲಿಯ ಉಬ್ಬರವಿಳಿತ ಇಡೀ ದೇಶಕ್ಕೆ ಗೊತ್ತು. ಆಕಾಶದ ಯಂತ್ರಕ್ಕೆ ಲೆಕ್ಕ ಹಾಕಿದ ನಮ್ಮ ಭಾವನಿಗೂ, ಕಡಲ ದಡದಲ್ಲಿ ಹುಟ್ಟಿದ ನಮಗಿಬ್ಬರಿಗೂ, ಸಮುದ್ರ ಮನೆಯಲ್ಲಿದೆಯೋ ಇಲ್ಲವೋ ಕೇಳಿಕೊಂಡು ಹೊರಡಬೇಕೆಂದು ಹೊಳೆದಿರಲಿಲ್ಲ. ಶಾರ್ಕನ್ನು ಓಡಿಸಲು ಹೋದ ಭಾವ ಸಮುದ್ರವನ್ನೇ ಓಡಿಸಿಬಿಟ್ಟಿದ್ದರು.

ಟೊಮೆಟೊ ಭಜಿಯಾ ತಿನ್ನುತ್ತ ಕೂತೆವು. ಅಕ್ಕ ಆ ಕೆಸರನ್ನೇ ನೋಡುತ್ತಿದ್ದಳು. "ಇರ್ಲಿ ಬಿಡಿ. ನೋಡಿದ ಹಾಗಾಯ್ತಲ್ಲ. ವಾಪಸ್ ಹೋಗುವ" ಎಂದಳು. ಅವಳು ಇರಲಿ ಬಿಡಿ ಎಂದದ್ದು ಅದು ಎಷ್ಟನೆಯ ಸಲವೋ. ಮುಂದಿನ ವಾರ ಆಪರೇಷನ್ನಿತ್ತು. ಭಾವ ಕೈ ಒರೆಸಿಕೊಂಡು ಎದ್ದರು.

"ಇಲ್ಲ. ಇವತ್ತು ಬೇಡ. ನಾಳೆ ಸಮುದ್ರ ಇರೋ ಕಡೆ ಹೋಗೋದೇ."

ಮರುದಿನ ಹೋದದ್ದು ದಕ್ಷಿಣಕ್ಕೆ, ವಲ್ಸಾಡಿನ ಪಕ್ಕದ ತಿಥಲ್‌ಗೆ. ಚಿಕ್ಕೂ ತೋಟಗಳನ್ನು ದಾಟಿ, ಈ ಸಲ ನೀರು ಬರುವ ಹೊತ್ತು ಕೇಳಿಕೊಂಡೇ ಹೊರಟಿದ್ದೆವು. ಅಲ್ಲಿಯೂ ಮರಳು ಕಪ್ಪೇ, ನೀರೂ ನಮ್ಮ ಕುಮಟೆಯ ನೀಲಿಯಲ್ಲ. ಆದರೆ ಸಮುದ್ರ ಮನೆಯಲ್ಲಿತ್ತು. ಅಲೆಗಳು ಸಣ್ಣಗಿದ್ದವು, ಜನ ಸ್ನಾನ ಮಾಡುತ್ತಿದ್ದರು. ಅಕ್ಕ ಸಲ್ವಾರಿನ ಮೇಲೆ ದುಪಟ್ಟಾ ಬಿಗಿದು ಕಟ್ಟಿ, ನನ್ನ ಕೈ ಹಿಡಿದು, ನೋಯುವ ಮಂಡಿಗಳಲ್ಲಿ ಒಂದೊಂದೇ ಹೆಜ್ಜೆ ಇಟ್ಟು ನೀರಿನವರೆಗೆ ಬಂದಳು. ಅಲ್ಲಿಗೆ ಬಂದಮೇಲೆ ಕೈ ಬಿಟ್ಟಳು. ನೀರು ಸೊಂಟಕ್ಕೆ ಬಂದದ್ದೇ, ನನ್ನ ಅರವತ್ತರ ಅಕ್ಕ ಚೀಲ ಎಸೆದು ಓಡುತ್ತಿದ್ದ ಹುಡುಗಿಯಾಗಿ ಮುಳುಗಿದಳು.

ನಾನು ದಡಕ್ಕೆ ವಾಪಸ್ಸಾದೆ. ಭಾವ ಒಂದು ಕಂಕುಳಲ್ಲಿ ಟವೆಲ್ಲು, ಎರಡೂ ಕೈಯಲ್ಲಿ ಬತಕ್‌ನ ಕಣ್ಣಿಗೆ ಕಂಡದ್ದನ್ನು ತೋರಿಸುವ ಟ್ಯಾಬ್ಲೆಟ್ಟು ಹಿಡಿದು, ಅದೇ ಹಳೆಯ ಬಿಳಿಚಿದ ಮುಖದಲ್ಲಿ ನಿಂತಿದ್ದರು. ಆದರೆ ಕೂಗಲಿಲ್ಲ. ಬತಕ್ ಅಲೆ ಹತ್ತಿ ಇಳಿದು ಹೊರಟಿತು. ದಡದ ಮಕ್ಕಳು ಚಪ್ಪಾಳೆ ಹೊಡೆದರು. ಅತ್ತಿಂದಿತ್ತ ಗಸ್ತು ತಿರುಗಬೇಕಾದದ್ದು ನೆಟ್ಟಗೆ ಅಕ್ಕನ ಹತ್ತಿರ ಹೋಗಿ, ಅವಳು ಎಡಕ್ಕೆ ತೇಲಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ, ಎರಡು ಮಾರು ದೂರದಲ್ಲಿ ಜೊತೆಗೇ ಸಾಗಿತು. ಅದರ ಹಿಂದೆ ಹಗ್ಗದಲ್ಲಿ ಕಿತ್ತಳೆ ಬಣ್ಣದ ಗಾಳಿಯ ಟ್ಯೂಬೊಂದು ತೇಲಿಕೊಂಡು ಬರುತ್ತಿತ್ತು.

"ಭಾವ, ಇದು ಮತ್ತೆ ಸೆಕ್ರೆಟರಿ ಕಥೆ ಮಾಡ್ತಾ ಇದೆ. ಅಕ್ಕನ್ನೇ ಶಾರ್ಕ್ ಅಂದ್ಕೊಂಡಿದೆ" ಎಂದೆ.

"ಅದರೊಳಗೆ ಶಾರ್ಕ್ ಓಡಿಸೋದು ಏನೂ ಇಲ್ಲಮ್ಮ. ಎಲ್ಲಾ ಬಿಚ್ಚಿ ಬೋಪಾಲಲ್ಲೇ ಇಟ್ಟು ಬಂದೆ."

"ಮತ್ತೆ ಇದು ಯಾಕೆ?"

ಭಾವ ಟ್ಯಾಬ್ಲೆಟ್ಟಿನಿಂದ ಕಣ್ಣು ತೆಗೆಯಲಿಲ್ಲ. "ಇಲ್ಲಿ ಶಾರ್ಕ್ ಬರಲ್ಲ ಅಂತ ನಂಗೂ ಗೊತ್ತು ಕಣಮ್ಮ. ಅವತ್ತು ಕುಮಟೆಲೂ ಗೊತ್ತಿತ್ತು. ಅವಳು ಒಬ್ಳೇ ಅಷ್ಟು ದೂರ ಹೋಗ್ತಾಳಲ್ಲ, ಜೊತೆಗೆ ಯಾರಾದ್ರೂ ಬೇಕಲ್ವಾ? ನಂಗೆ ಈಜು ಬರಲ್ಲ. ಅದಕ್ಕೆ ಇದನ್ನ ಕಳಿಸಿದೀನಿ."

ಇಷ್ಟು ವರ್ಷ ಇಡೀ ಕುಮಟೆ ತೆಂಗಿನ ಗರಿಗೆ ನಕ್ಕಿದೆ. ಆ ಕೂಗಿನಲ್ಲಿ ಇಷ್ಟು ಪ್ರೀತಿಯಿತ್ತೆಂದು ಒಬ್ಬರೂ ಕೇಳಿಸಿಕೊಂಡಿರಲಿಲ್ಲ, ನಾನು ಕೂಡ.

ಅಷ್ಟರಲ್ಲಿ ಒಂದು ಅಲೆ ದೊಡ್ಡದಾಗಿಯೇ ಬಂತು. ಬತಕ್ ಮಗುಚಿತು, ಹೊಟ್ಟೆ ಮೇಲಾಗಿ ತೇಲಿತು. ಕುಕ್ಕರಿನ ಗ್ಯಾಸ್ಕೆಟ್ಟು ಸಮುದ್ರಕ್ಕೆ ಸೋತಿರಬೇಕು. ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಹೋಯಿತು. ಅಕ್ಕ ನಮಗೆ ಬೆನ್ನು ಹಾಕಿ ಅಂಗಾತ ತೇಲುತ್ತಿದ್ದಳು, ಅವಳಿಗೆ ಏನೂ ಗೊತ್ತಿಲ್ಲ. ಈಗ ಕೂಗುತ್ತಾರೆ ಅಂದುಕೊಂಡೆ. ಭಾವ ಕೂಗಲಿಲ್ಲ. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಟ್ಯಾಬ್ಲೆಟ್ಟು ಕೊಟ್ಟರು. ಟವೆಲ್ಲು ಕೊಟ್ಟರು.

"ಎಲ್ಲಿಗೆ ಭಾವ?"

"ಬೀಕ್ ತೋ ಲಾಗೇ" ಎಂದರು.

ಷವರಿಗೆ ಹೆದರುವ ಮನುಷ್ಯ ಪ್ಯಾಂಟಿನ ಸಮೇತ ಸಮುದ್ರಕ್ಕೆ ನಡೆದರು. ಪಾದಕ್ಕೆ ನೀರು ಬಂತು, ಹಿಂದೆ ಸರಿಯಲಿಲ್ಲ. ಮೊಣಕಾಲಿಗೆ ಬಂತು. ಎರಡೂ ಕೈಗಳನ್ನು ಮೇಲೆತ್ತಿಕೊಂಡು, ಪ್ರತಿ ಅಲೆಗೂ ಒಮ್ಮೆ ನಿಂತು, ಸೊಂಟದವರೆಗೆ ಹೋದರು. ಅಕ್ಕ ತಿರುಗಿ ನೋಡಿದವಳು ಗಾಬರಿಯಾಗಿ ಎದ್ದು ನಿಂತಳು.

"ಎಂತದ್ರೀ ಇದು! ನೀವ್ಯಾಕೆ ಬಂದ್ರಿ?"

"ಬತಕ್ ಕೆಟ್ಟೋಯ್ತು."

ಅಕ್ಕ ಅವರ ಕೈ ಹಿಡಿದುಕೊಂಡಳು. ಏನೋ ಹೇಳಿದಳು, ಅಲೆಯ ಸದ್ದಿಗೆ ನನಗೆ ಕೇಳಿಸಲಿಲ್ಲ. ಭಾವ ತಲೆಯಾಡಿಸಿದರು, ಮೂಗು ಹಿಡಿದುಕೊಂಡರು. ಇಬ್ಬರೂ ಒಟ್ಟಿಗೆ ಮುಳುಗಿದರು.

ನೀರಿನ ಮೇಲೆ ಯಾರ ತಲೆಯೂ ಕಾಣಲಿಲ್ಲ. ಕಣ್ಣಿಗೆ ಬೇರೆ ನೀರು ತುಂಬಿ ಮಂಜಾಗಿತ್ತು. ಕಡಲ ದಡದಲ್ಲಿ ಹುಟ್ಟಿದ, ದಿನವೂ ಜನರಿಗೆ ಭಯದ ಲೆಕ್ಕ ಹೇಳುವ ನಾನು, ಟವೆಲ್ಲು ಹಿಡಿದುಕೊಂಡು, ಪಾದಕ್ಕೆ ಬಂದ ಅಲೆಗೆ ಹಿಂದೆ ಸರಿಯುತ್ತ, ಇಡೀ ತಿಥಲ್ ತಿರುಗಿ ನೋಡುವಂತೆ ಅಕ್ಕಾ, ಭಾವಾ ಎಂದು ಕೂಗಿದೆ.

ಎರಡು ತಲೆಗಳು ಮೇಲೆದ್ದವು. ಭಾವ ಉಪ್ಪುನೀರು ಉಗುಳಿ, ಅಕ್ಕನ ಕೈ ಬಿಡದೆ, ನನ್ನ ಕಡೆ ತಿರುಗಿ ಹೇಳಿದರು:

"ಯಾಕಮ್ಮ ಹಾಗೆ ಕೂಗ್ತೀಯಾ? ಇಲ್ಲಿ ಶಾರ್ಕ್ ಇಲ್ಲ."